ಮೆಜೆಸ್ಟಿಕ್‌ವರೆಗೂ ಹೋಗಬೇಡಿ: ಪರಊರಿಂದ ಬರುವವರಿಗೆ ನಮ್ಮ ಮೆಟ್ರೊ ಎಷ್ಟು ಉಪಯೋಗ?

ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು, ಬಳ್ಳಾರಿ, ಎಲ್ಲಿಂದ ಹೊರಟರೂ ಬೆಂಗಳೂರಿಗೆ ಟಿಕೆಟ್ ತೆಗೆಯುವಾಗ ಬಾಯಿಗೆ ಬರುವ ಹೆಸರು ಒಂದೇ: ಮೆಜೆಸ್ಟಿಕ್. ಬಸ್ಸು ಅಲ್ಲಿಗೇ ಹೋಗುತ್ತದೆ, ರೈಲು ಅಲ್ಲಿಗೇ ಬರುತ್ತದೆ, ಅಲ್ಲಿಂದ ಎಲ್ಲ ಕಡೆಗೂ ಬಸ್ಸು ಸಿಗುತ್ತದೆ ಅನ್ನುವ ಲೆಕ್ಕ. ಹತ್ತು ಹದಿನೈದು ವರ್ಷದ ಹಿಂದೆ ಆ ಲೆಕ್ಕ ಸರಿಯಾಗಿಯೇ ಇತ್ತು. ಈಗ ಮೆಟ್ರೊ ಊರಿನ ಅಂಚಿಗೆ ಬಂದು ನಿಂತಿದೆ. ನಿಮ್ಮ ಬಸ್ಸು ಊರೊಳಗೆ ಕಾಲಿಡುವ ಜಾಗದಲ್ಲೇ ಇಳಿದು ಮೆಟ್ರೊ ಹತ್ತಿದರೆ, ಆ ಬಸ್ಸು ಮೆಜೆಸ್ಟಿಕ್ ಮುಟ್ಟುವ ಹೊತ್ತಿಗೆ ನೀವು ಕೆಲಸದ ಜಾಗದಲ್ಲಿರುತ್ತೀರಿ. ಆಸ್ಪತ್ರೆಗೆ, ಪರೀಕ್ಷೆಗೆ, ಕಚೇರಿ ಕೆಲಸಕ್ಕೆ, ಸಂದರ್ಶನಕ್ಕೆ ಅಂತ ಒಂದೆರಡು ದಿನದ ಮಟ್ಟಿಗೆ ಬರುವವರಿಗೆ ಈ ಸೇವೆ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಿದೆ.

ಮೊದಲು ಗೆರೆಗಳನ್ನು ತಲೆಯಲ್ಲಿ ಕೂರಿಸಿಕೊಳ್ಳಿ. ನೇರಳೆ ಮಾರ್ಗ ಪಶ್ಚಿಮದ ಚಲ್ಲಘಟ್ಟದಿಂದ ಪೂರ್ವದ ವೈಟ್‌ಫೀಲ್ಡ್‌ಗೆ (ಕಾಡುಗೋಡಿ). ಇದರ ಮೊದಲ ತುಂಡು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ, ಶುರುವಾದದ್ದು 2011ರ ಅಕ್ಟೋಬರ್ 20ರಂದು. ಪೂರ್ತಿ ಮಾರ್ಗ ಒಂದಾದದ್ದು 2023ರ ಅಕ್ಟೋಬರ್‌ನಲ್ಲಿ. ಈಗ 37 ನಿಲ್ದಾಣ, ಹತ್ತಿರ ಹತ್ತಿರ 43.5 ಕಿಲೋಮೀಟರ್. ಹಸಿರು ಮಾರ್ಗ ಉತ್ತರದಲ್ಲಿ ತುಮಕೂರು ರಸ್ತೆಯ ಮಾದಾವರದಿಂದ ದಕ್ಷಿಣದಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಗೆ. ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ, 2025ರ ಆಗಸ್ಟ್‌ನಲ್ಲಿ ಶುರುವಾದದ್ದು. ನೇರಳೆ ಮತ್ತು ಹಸಿರು ಮೆಜೆಸ್ಟಿಕ್‌ನಲ್ಲಿ ಸೇರುತ್ತವೆ, ಹಸಿರು ಮತ್ತು ಹಳದಿ ಆರ್.ವಿ. ರಸ್ತೆಯಲ್ಲಿ. ಈ ಎರಡು ಗಂಟು ನೆನಪಿದ್ದರೆ ನಕ್ಷೆ ಬೇಕಾಗುವುದಿಲ್ಲ.

ಈಗ ನೀವು ಬರುವ ದಾರಿ ನೋಡಿ. ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ಕಡೆಯ ಬಸ್ಸುಗಳೆಲ್ಲ ತುಮಕೂರು ರಸ್ತೆಯಲ್ಲೇ ಊರು ಹೊಗುತ್ತವೆ. ಹಾಸನದ ಮೇಲೆ ಬರುವ ಮಂಗಳೂರು, ಧರ್ಮಸ್ಥಳ ಕಡೆಯ ಬಸ್ಸುಗಳೂ ನೆಲಮಂಗಲದಲ್ಲಿ ಇದೇ ರಸ್ತೆಗೆ ಸೇರುತ್ತವೆ. ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಗೊರಗುಂಟೆಪಾಳ್ಯ, ಯಶವಂತಪುರ, ಇಷ್ಟೂ ಹಸಿರು ಮಾರ್ಗದ ನಿಲ್ದಾಣಗಳು, ರಸ್ತೆಯ ನಡುವೆಯೇ ತಲೆ ಎತ್ತಿ ನಿಂತಿವೆ. ಮೈಸೂರು, ಮಂಡ್ಯ, ಮಡಿಕೇರಿ ಕಡೆಯಿಂದ ಬರುವವರಿಗೆ ಕೆಂಗೇರಿ ಬಸ್ ಟರ್ಮಿನಲ್ ನಿಲ್ದಾಣ ಇದೆ. ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದರೆ ದೀಪಾಂಜಲಿ ನಗರ ನಿಲ್ದಾಣ ಹತ್ತಿರ, ಎರಡೂ ನೇರಳೆ. ಕೋಲಾರ, ಮುಳಬಾಗಿಲು, ತಿರುಪತಿ ಕಡೆಯವರು ಕೆ.ಆರ್. ಪುರದಲ್ಲಿ ಇಳಿಯಬೇಕು. ಕನಕಪುರದವರಿಗೆ ರೇಷ್ಮೆ ಸಂಸ್ಥೆ, ಹೊಸೂರು ಅತ್ತಿಬೆಲೆ ಕಡೆಯವರಿಗೆ ಬೊಮ್ಮಸಂದ್ರ. ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಅನಂತಪುರ ಕಡೆಯಿಂದ ಹೆಬ್ಬಾಳದ ಮೇಲೆ ಬರುವವರಿಗೆ ಮಾತ್ರ ದಾರಿಯಲ್ಲಿ ಮೆಟ್ರೊ ಇಲ್ಲ. ಅಲ್ಲಿ ಕಾಮಗಾರಿ ನಡೆಯುತ್ತಿದೆ. ಅವರು ಮೆಜೆಸ್ಟಿಕ್‌ವರೆಗೆ ಬರುವುದೇ ಸರಿ.

ತುಮಕೂರು ರಸ್ತೆಯಲ್ಲಿ ಒಂದು ಎಚ್ಚರ. ಪೀಣ್ಯದ ಮೇಲೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಮೇಲ್ಸೇತುವೆ ಇದೆ. ಬಸ್ಸು ಅದನ್ನು ಹತ್ತಿದರೆ ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ ಮೂರೂ ಕೆಳಗೆ ಉಳಿದುಬಿಡುತ್ತವೆ, ಸೇತುವೆಯ ಮೇಲೆ ಇಳಿಸುವುದಿಲ್ಲ. ನೆಲಮಂಗಲ ಟೋಲ್ ದಾಟುವಾಗಲೇ ಕಂಡಕ್ಟರ್‌ರನ್ನು ಕೇಳಿಬಿಡಿ: "ಸಾರ್, ಫ್ಲೈಓವರ್ ಮೇಲೆ ಹೋಗುತ್ತಾ, ಕೆಳಗೆ ಹೋಗುತ್ತಾ?" ಮೇಲೆ ಅಂದರೆ ಸೇತುವೆಗೆ ಮೊದಲೇ ನಾಗಸಂದ್ರದ ಹತ್ತಿರ ಇಳಿಯಿರಿ, ಇಲ್ಲವೇ ಸೇತುವೆ ಇಳಿದ ಮೇಲೆ ಗೊರಗುಂಟೆಪಾಳ್ಯದಲ್ಲಿ. ನಿದ್ದೆಗಣ್ಣಿನಲ್ಲಿ ಜಾಲಹಳ್ಳಿ ಕ್ರಾಸ್ ಅಂತ ಕಾಯುತ್ತಾ ಕೂತವರು ಯಶವಂತಪುರದಲ್ಲಿ ಎಚ್ಚರಗೊಳ್ಳುವುದು ಇದೇ ಕಾರಣಕ್ಕೆ.

ಗೊರಗುಂಟೆಪಾಳ್ಯಕ್ಕೆ ಇನ್ನೊಂದು ಮಹತ್ವ ಇದೆ. ಇಲ್ಲಿಂದ ಹೊರವರ್ತುಲ ರಸ್ತೆ ಬಲಕ್ಕೂ ಎಡಕ್ಕೂ ಒಡೆಯುತ್ತದೆ. ನಿಮ್ಮ ಕೆಲಸ ಹೆಬ್ಬಾಳ, ನಾಗವಾರ, ಮಾನ್ಯತಾ ಟೆಕ್ ಪಾರ್ಕ್ ಕಡೆ ಇದ್ದರೆ ಮೆಟ್ರೊವನ್ನೂ ಹತ್ತಬೇಡಿ, ಮೆಜೆಸ್ಟಿಕ್‌ಗೂ ಹೋಗಬೇಡಿ. ಇಲ್ಲೇ ಇಳಿದು ಹೆಬ್ಬಾಳದ ಕಡೆ ಹೋಗುವ ಬಿಎಂಟಿಸಿ ಬಸ್ ಹಿಡಿಯಿರಿ. ವಿಮಾನ ನಿಲ್ದಾಣಕ್ಕೆ ಹೋಗುವವರಿಗೂ ಇದೇ ದಾರಿ. ಹೆಬ್ಬಾಳದಲ್ಲಿ ವಾಯು ವಜ್ರ, ಅಂದರೆ ವಿಮಾನ ನಿಲ್ದಾಣಕ್ಕೆ ಹೋಗುವ ಬಿಎಂಟಿಸಿ ಬಸ್ಸು, ಸಿಗುತ್ತದೆ.

ರೈಲಿನಲ್ಲಿ ಬರುವವರಿಗೆ ಯಶವಂತಪುರ ತುಂಬಾ ಅನುಕೂಲ. ಹುಬ್ಬಳ್ಳಿ, ಅರಸೀಕೆರೆ, ತುಮಕೂರು ಮೇಲೆ ಬರುವ ಹೆಚ್ಚಿನ ರೈಲುಗಳು ಅಲ್ಲಿ ನಿಲ್ಲುತ್ತವೆ. ತುಮಕೂರು ರಸ್ತೆ ಕಡೆಯ ಬಾಗಿಲಿನಿಂದ ಹೊರಬಂದರೆ ಎದುರಿಗೇ ಮೆಟ್ರೊ. ಕೆಎಸ್ಆರ್ ಬೆಂಗಳೂರಿನಲ್ಲಿ ಇಳಿದವರಿಗೆ ಎರಡು ಮೆಟ್ರೊ ನಿಲ್ದಾಣ ಹತ್ತಿರ: ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ ಮತ್ತು ನಾಡಪ್ರಭು ಕೆಂಪೇಗೌಡ ನಿಲ್ದಾಣ, ಅಂದರೆ ಮೆಜೆಸ್ಟಿಕ್. ರಾಯಣ್ಣ ನಿಲ್ದಾಣದಲ್ಲಿ ನೇರಳೆ ಮಾತ್ರ ಸಿಗುತ್ತದೆ. ಹಸಿರು ಮಾರ್ಗ ಬೇಕಿದ್ದವರು ಅಲ್ಲಿ ಹತ್ತಿ, ಒಂದೇ ನಿಲ್ದಾಣ ಹೋಗಿ, ಮತ್ತೆ ಬದಲಿಸುವ ತೊಂದರೆ ತೆಗೆದುಕೊಳ್ಳಬೇಕಿಲ್ಲ. ಮುಂಬಾಗಿಲಿನಿಂದ ಹೊರಬಂದು ಬಸ್ ನಿಲ್ದಾಣದ ಕಡೆ ನಡೆದರೆ ಮೆಜೆಸ್ಟಿಕ್ ಮೆಟ್ರೊ ಸಿಗುತ್ತದೆ. ಕೆ.ಆರ್. ಪುರ ಮತ್ತು ವೈಟ್‌ಫೀಲ್ಡ್ ರೈಲು ನಿಲ್ದಾಣಗಳಿಗೂ ಮೆಟ್ರೊ ಅಂಟಿಕೊಂಡೇ ಇದೆ.

ಎಡವುವುದು ಎಸ್ಎಂವಿಟಿ, ಅಂದರೆ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ. 2022ರಲ್ಲಿ ಶುರುವಾದ, ಹವಾನಿಯಂತ್ರಿತ, ಚೆಂದದ ನಿಲ್ದಾಣ. ಅದು ಬೈಯಪ್ಪನಹಳ್ಳಿಯಲ್ಲಿದೆ ಅಂತ ಹೇಳುತ್ತಾರೆ, ಮೆಟ್ರೊಗೂ ಬೈಯಪ್ಪನಹಳ್ಳಿ ಅನ್ನುವ ನಿಲ್ದಾಣ ಇದೆ, ಹೊರಗೆ ಬಂದರೆ ಮೆಟ್ರೊ ಇರುತ್ತದೆ ಅಂತ ಅಂದುಕೊಳ್ಳುವುದು ಸಹಜ. ಇರುವುದಿಲ್ಲ. ನಡುವೆ ಸಾಮಾನು ಹೊತ್ತು ನಡೆಯಲಾಗದಷ್ಟು ದೂರ ಇದೆ. ಆಟೊ ಇಲ್ಲವೇ ಬಿಎಂಟಿಸಿ ಬಸ್ಸೇ ಗತಿ. ಇನ್ನೂ ಒಂದು ಗೊಂದಲ: ನೇರಳೆ ಮಾರ್ಗದಲ್ಲಿ 'ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು' ಅಂತ ಒಂದಿದೆ. ಅದಕ್ಕೂ ಈ ರೈಲು ಟರ್ಮಿನಲ್‌ಗೂ ಸಂಬಂಧವೇ ಇಲ್ಲ, ಊರಿನ ಬೇರೆ ದಿಕ್ಕು. ವಾಪಸ್ ರೈಲು ಎಸ್ಎಂವಿಟಿಯಿಂದ ಇದ್ದರೆ ಬೈಯಪ್ಪನಹಳ್ಳಿ ಮೆಟ್ರೊದಲ್ಲಿ ಇಳಿದ ಮೇಲೆ ಕನಿಷ್ಠ ಅರ್ಧ ಗಂಟೆ ಕೈಯಲ್ಲಿ ಇಟ್ಟುಕೊಳ್ಳಿ.

ಸಮಯದ ವಿಚಾರದಲ್ಲಿ ಮೆಟ್ರೊ ಭರವಸೆಗೆ ಅರ್ಹ, ಆದರೆ ಒಂದು ದಿನ ಬಿಟ್ಟು. ವಾರದ ದಿನಗಳಲ್ಲಿ ನೇರಳೆ ಮತ್ತು ಹಸಿರು ಮಾರ್ಗ ಬೆಳಗ್ಗೆ 5ಕ್ಕೆ ಶುರು. ಸೋಮವಾರ ಊರಿಂದ ಮರಳುವವರ ಗದ್ದಲ ನೋಡಿ 2025ರ ಜನವರಿಯಿಂದ 4:15ಕ್ಕೇ ಶುರು ಮಾಡಿದ್ದಾರೆ. ರಾತ್ರಿ 11ರ ಹೊತ್ತಿಗೆ ತುದಿ ನಿಲ್ದಾಣಗಳಿಂದ ಕೊನೆಯ ರೈಲು. ಭಾನುವಾರ ಮಾತ್ರ ಬೆಳಗ್ಗೆ 7ಕ್ಕೆ ಮೊದಲ ರೈಲು. ಶನಿವಾರ ರಾತ್ರಿ ಬಸ್ ಹತ್ತಿ ಭಾನುವಾರದ ಪರೀಕ್ಷೆಗೆ ಬರುವವರಿಗೆ ಇದು ನಿಜವಾದ ಪೆಟ್ಟು. ಬೆಳಗ್ಗೆ 5ಕ್ಕೆ ಬಸ್ಸಿಳಿದು ಮುಚ್ಚಿದ ಶಟರ್ ಮುಂದೆ ಎರಡು ಗಂಟೆ ಬ್ಯಾಗ್ ಮೇಲೆ ಕೂರುವ ಹುಡುಗ ಹುಡುಗಿಯರನ್ನು ಮೆಜೆಸ್ಟಿಕ್‌ನಲ್ಲಿ ಯಾವ ಭಾನುವಾರ ಬೇಕಾದರೂ ಕಾಣಬಹುದು. ದೊಡ್ಡ ಪರೀಕ್ಷೆಗಳಿದ್ದ ದಿನ ಬೇಗ ಶುರು ಮಾಡಿದ ಉದಾಹರಣೆಗಳಿವೆ, ಅದನ್ನು ಒಂದೆರಡು ದಿನ ಮೊದಲು ಪ್ರಕಟಿಸುತ್ತಾರೆ. ಪ್ರಕಟಣೆ ಇಲ್ಲದಿದ್ದರೆ ಬಿಎಂಟಿಸಿ ಬಸ್ಸನ್ನೇ ನಂಬಿ ಲೆಕ್ಕ ಹಾಕಿ.

ಟಿಕೆಟ್ ದರ 2025ರ ಫೆಬ್ರವರಿಯಲ್ಲಿ ಏರಿದಾಗ ಊರೆಲ್ಲ ಕೂಗಾಡಿತ್ತು, ತಪ್ಪೇನಿಲ್ಲ. ಮೊದಲ 2 ಕಿಲೋಮೀಟರ್‌ಗೆ 10 ರೂಪಾಯಿ, ಅಲ್ಲಿಂದ 10 ಕಿಲೋಮೀಟರ್‌ವರೆಗೆ ಪ್ರತಿ 2 ಕಿಲೋಮೀಟರ್‌ಗೆ 10 ರೂಪಾಯಿ ಏರುತ್ತಾ 50 ಆಗುತ್ತದೆ. 15ರವರೆಗೆ 60, 20ರವರೆಗೆ 70, 25ರವರೆಗೆ 80, ಅದರ ಮೇಲೆ ಎಷ್ಟು ದೂರವಾದರೂ 90. ದಿನಾ ಓಡಾಡುವವರಿಗೆ ಇದು ಭಾರ. ಆದರೆ ಒಂದು ದಿನಕ್ಕೆ ಬರುವವರು ಆಟೊ ಜೊತೆ ಹೋಲಿಸಿ ನೋಡಬೇಕು. ಸರ್ಕಾರ ನಿಗದಿ ಮಾಡಿದ ಆಟೊ ದರ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ಹತ್ತು ಕಿಲೋಮೀಟರ್‌ಗೆ ಮೀಟರ್ ಹಾಕಿದರೂ 180 ರೂಪಾಯಿ. ಅದೇ ದೂರ ಮೆಟ್ರೊದಲ್ಲಿ 50. ಸಿಗ್ನಲ್‌ನಲ್ಲಿ ನಿಲ್ಲುವ ಹೊತ್ತು ಬೇರೆ. ಆದರೆ ಮೂರು ಜನ ಮನೆಮಂದಿ ಮೂರು ಕಿಲೋಮೀಟರ್ ಹೋಗುವುದಿದ್ದರೆ ಆಟೊದ ಲೆಕ್ಕವೇ ಸುಲಭ. ಇಂಥ ಕಡೆ ಮೆಟ್ರೊ ಅಂತ ಹಟ ಹಿಡಿಯಬೇಕಿಲ್ಲ. ಮೂರು ಅಡಿಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಬೇಡ.

ಟಿಕೆಟ್ ತೆಗೆಯಲು ಮೂರು ದಾರಿ. ಕೌಂಟರ್‌ನಲ್ಲಿ ಪ್ಲಾಸ್ಟಿಕ್ ಟೋಕನ್, ನೋಡಲು ಕೇರಂ ಕಾಯಿನ್ ಹಾಗಿರುತ್ತದೆ. ಒಳಹೋಗುವಾಗ ಗೇಟಿನ ಮೇಲಿನ ಗುರುತಿಗೆ ಮುಟ್ಟಿಸಬೇಕು, ಹೊರಬರುವಾಗ ಸೀಳಿನೊಳಗೆ ಹಾಕಬೇಕು. ಒಳಗೆ ಹೋಗುವಾಗಲೇ ಸೀಳಿಗೆ ಹಾಕಲು ನೋಡುವುದು, ಮುಟ್ಟಿಸಿದ ಮೇಲೆ ಎಲ್ಲೋ ಬಿಸಾಕುವುದು, ಹೊಸಬರು ಮಾಡುವ ಎರಡು ತಪ್ಪು. ಕಳೆದರೆ ದಂಡ ಕಟ್ಟಬೇಕಾಗುತ್ತದೆ, ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳಿ. ಎರಡನೆಯದು ಮೊಬೈಲ್‌ನಲ್ಲಿ ಕ್ಯೂಆರ್ ಟಿಕೆಟ್. ಮೆಟ್ರೊದ ಆ್ಯಪ್, ವಾಟ್ಸಾಪ್, ಹಣ ಕಳಿಸುವ ಆ್ಯಪ್‌ಗಳು, ಎಲ್ಲದರಲ್ಲೂ ಸಿಗುತ್ತದೆ. ಹತ್ತುವ ನಿಲ್ದಾಣ, ಇಳಿಯುವ ನಿಲ್ದಾಣ, ಎಷ್ಟು ಜನ, ಹಣ, ಅಷ್ಟೇ. ಮನೆಮಂದಿ ಜೊತೆ ಬಂದವರಿಗೆ ಇದರಲ್ಲೇ ಅನುಕೂಲ, ಒಂದೇ ಕ್ಯೂಆರ್‌ನಲ್ಲಿ 6 ಜನರವರೆಗೆ ಹೋಗಬಹುದು. ಎಲ್ಲರೂ ಒಟ್ಟಿಗೆ ಒಳಹೋಗಿ ಒಟ್ಟಿಗೆ ಹೊರಬರಬೇಕು. ಒಬ್ಬರು ದಾರಿಯಲ್ಲಿ ಬೇರೆ ಕಡೆ ಇಳಿಯುವುದಿದ್ದರೆ ಅವರಿಗೆ ಬೇರೆ ಟಿಕೆಟ್ ತೆಗೆಯಿರಿ. ಗೇಟ್ ತೆರೆಯದಿದ್ದರೆ ಹತ್ತಕ್ಕೆ ಒಂಬತ್ತು ಸಲ ಪರದೆಯ ಬೆಳಕು ಕಡಿಮೆ ಇರುತ್ತದೆ, ಇಲ್ಲವೇ ಫೋನನ್ನು ಗಾಜಿಗೆ ಒತ್ತಿ ಹಿಡಿದಿರುತ್ತಾರೆ. ಬೆಳಕು ಏರಿಸಿ, ಎರಡು ಮೂರು ಬೆರಳಿನಷ್ಟು ದೂರ ಹಿಡಿಯಿರಿ. ರಾತ್ರಿಯಿಡೀ ಬಸ್ಸಿನಲ್ಲಿ ಸಿನಿಮಾ ನೋಡಿ ಬ್ಯಾಟರಿ ಮುಗಿದಿದ್ದರೆ ಕ್ಯೂಆರ್ ಸಹವಾಸವೇ ಬೇಡ, ಟೋಕನ್ ತೆಗೆದುಕೊಳ್ಳಿ. ಹೊರಬರುವಾಗಲೂ ಫೋನ್ ಜೀವಂತ ಇರಬೇಕಲ್ಲ.

ಮೂರನೆಯದು ಸ್ಮಾರ್ಟ್ ಕಾರ್ಡ್. ಕಾರ್ಡಿಗೆ 50 ರೂಪಾಯಿ, ಪ್ರಯಾಣಕ್ಕೆ ಶೇ 5 ರಿಯಾಯಿತಿ, ಗದ್ದಲವಿಲ್ಲದ ಹೊತ್ತಿನಲ್ಲಿ ಇನ್ನೂ ಶೇ 5. ಒಂದು ಸಲ ಬಂದು ಹೋಗುವವರಿಗೆ ಇದು ಬೇಕಾಗಿಲ್ಲ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರುವವರಿಗೆ ಬೇಕು, ಕೌಂಟರ್ ಸಾಲು ತಪ್ಪುತ್ತದೆ. ಆದರೆ ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇರಲೇಬೇಕು. ನೀವು ಹೋಗುವುದು 20 ರೂಪಾಯಿ ದೂರವೇ ಆಗಿರಲಿ, 70 ರೂಪಾಯಿ ಇದ್ದರೆ ಗೇಟ್ ತೆರೆಯುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಗೇಟಿನ ಮುಂದೆ ನಿಂತು ಹಿಂದಿನವರ ಬೈಗುಳ ಕೇಳಿಸಿಕೊಂಡಾಗಲೇ ಗೊತ್ತಾಗುವುದು.

ಸಾಮಾನಿನ ವಿಚಾರಕ್ಕೆ ಬಂದರೆ, ನಿಯಮ 60 × 45 × 25 ಸೆಂಟಿಮೀಟರ್ ಅಳತೆ, 15 ಕಿಲೋ ತೂಕ. ಅದಕ್ಕಿಂತ ದೊಡ್ಡ ಚೀಲಕ್ಕೆ 30 ರೂಪಾಯಿ ಕೇಳುತ್ತಾರೆ. ಸಾಮಾನ್ಯ ಟ್ರಾಲಿ ಬ್ಯಾಗು, ಕೈಚೀಲಕ್ಕೆ ತೊಂದರೆ ಇಲ್ಲ. ಊರಿಂದ ತರುವ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ, ಕಾಗದದ ದೊಡ್ಡ ಪೆಟ್ಟಿಗೆಗೆ ತಕರಾರು ಬರುತ್ತದೆ. ಒಳಹೋಗುವಾಗ ಎಲ್ಲ ಚೀಲವೂ ಸ್ಕ್ಯಾನರ್‌ಗೆ ಹೋಗುತ್ತದೆ. ಮನೆಗೆ ಅಂತ ಕೊಂಡ ಮಚ್ಚು, ಈಳಿಗೆಮಣೆ, ಪಟಾಕಿ ಒಳಗೆ ಬಿಡುವುದಿಲ್ಲ. ರೈಲಿನೊಳಗೆ ತಿನ್ನುವಂತಿಲ್ಲ, ಗುಟ್ಕಾ ಅಗಿಯುವಂತಿಲ್ಲ, ಫೋನಿನಲ್ಲಿ ಜೋರಾಗಿ ಹಾಡು ಹಾಕುವಂತಿಲ್ಲ. ಮೊದಲ ಬೋಗಿ ಮಹಿಳೆಯರದ್ದು. ಗಡಿಬಿಡಿಯಲ್ಲಿ ಹತ್ತಿದ ಗಂಡಸರು ಒಳಗಿಂದಲೇ ಹಿಂದಕ್ಕೆ ನಡೆದುಬಿಡಬಹುದು, ಬೋಗಿಗಳ ನಡುವೆ ಬಾಗಿಲಿಲ್ಲ. ಹಳಿಯ ಮೇಲೆ ಫೋನೋ ಚಪ್ಪಲಿಯೋ ಬಿದ್ದರೆ ಯಾವ ಕಾರಣಕ್ಕೂ ಇಳಿಯಬೇಡಿ. ಪಕ್ಕದಲ್ಲಿ ಓಡುವ ಮೂರನೇ ಹಳಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತಿರುತ್ತದೆ, ಮೇಲೆ ತಂತಿ ಕಾಣದಿರುವುದಕ್ಕೆ ಅದೇ ಕಾರಣ. ಸಿಬ್ಬಂದಿಗೆ ಹೇಳಿ, ಅವರು ತೆಗೆದುಕೊಡುತ್ತಾರೆ.

ಯಾವ ರೈಲು ಹತ್ತಬೇಕು ಅನ್ನುವುದಕ್ಕೆ ಬಣ್ಣಕ್ಕಿಂತ ಕೊನೆಯ ನಿಲ್ದಾಣದ ಹೆಸರು ನೋಡಿ. ಫಲಕದಲ್ಲಿ ಬರುವುದು ಅದೇ. ನೇರಳೆಯಲ್ಲಿ ಗದ್ದಲದ ಹೊತ್ತಿನಲ್ಲಿ ಕೆಲವು ರೈಲುಗಳು ವೈಟ್‌ಫೀಲ್ಡ್‌ವರೆಗೆ ಹೋಗದೆ ನಡುವೆಯೇ ತಿರುಗುತ್ತವೆ. ಹಾಗಾದರೆ ಅದೇ ಪ್ಲಾಟ್‌ಫಾರಂನಲ್ಲಿ ಇಳಿದು ಮುಂದಿನದು ಹತ್ತಿ, ಹೊಸ ಟಿಕೆಟ್ ಬೇಡ. ಮಾರ್ಗ ಬದಲಿಸುವಾಗ ಗೇಟ್ ದಾಟಿ ಹೊರಬರಬೇಡಿ. ಮೆಜೆಸ್ಟಿಕ್‌ನಲ್ಲಿ ಎರಡು ಮಾರ್ಗ ಎರಡು ಅಂತಸ್ತಿನಲ್ಲಿವೆ, ನೆಲಕ್ಕೂ ಗೋಡೆಗೂ ನೇರಳೆ ಹಸಿರು ಬಾಣ ಹಾಕಿದ್ದಾರೆ, ಅದನ್ನೇ ಹಿಡಿದು ಎಸ್ಕಲೇಟರ್‌ಗೆ ಹೋಗಿ. ಬೆಳಗ್ಗೆ ಒಂಬತ್ತರಿಂದ ಹನ್ನೊಂದು, ಸಂಜೆ ಐದೂವರೆಯಿಂದ ಎಂಟು, ಇಲ್ಲಿ ನೂಕುನುಗ್ಗಲು. ವಯಸ್ಸಾದವರು ಜೊತೆಗಿದ್ದರೆ ಎಸ್ಕಲೇಟರ್ ಬಿಟ್ಟು ಲಿಫ್ಟ್ ಹುಡುಕಿ, ಎರಡು ನಿಮಿಷ ಹೆಚ್ಚಾದರೂ ನೆಮ್ಮದಿ. ಹಳದಿ ಮಾರ್ಗದಲ್ಲಿ ಶುರುವಿಗೆ ಮೂರೇ ರೈಲು, 25 ನಿಮಿಷಕ್ಕೊಂದು ಬರುತ್ತಿತ್ತು. ರೈಲು ಸೇರಿಸಿದ ಹಾಗೆ ಕಾಯುವ ಹೊತ್ತು ಇಳಿದಿದೆ, ಆದರೂ ಬೇರೆ ಎರಡು ಮಾರ್ಗದಷ್ಟು ಬೇಗ ಬೇಗ ಬರುತ್ತದೆ ಅಂತ ನಂಬಿ ಹೊರಡಬೇಡಿ.

ಆಸ್ಪತ್ರೆಗೆ ಬರುವವರಿಗೆ ಹಳದಿ ಮಾರ್ಗ ದೊಡ್ಡ ಉಪಕಾರ ಮಾಡಿದೆ. ಜಯದೇವ ಹೃದ್ರೋಗ ಆಸ್ಪತ್ರೆಗೆ ಅದರದ್ದೇ ಹೆಸರಿನ ನಿಲ್ದಾಣ ಬಂದಿದೆ. ತುಮಕೂರು ರಸ್ತೆಯಲ್ಲಿ ಇಳಿದವರು ಹಸಿರಿನಲ್ಲಿ ಆರ್.ವಿ. ರಸ್ತೆಗೆ ಬಂದು, ಅಲ್ಲಿ ಹಳದಿಗೆ ಬದಲಿಸಿದರೆ ಎರಡನೆಯ ನಿಲ್ದಾಣವೇ ಜಯದೇವ. ಒಂದು ಕಾಲದಲ್ಲಿ ಮೆಜೆಸ್ಟಿಕ್‌ನಿಂದ ಬನ್ನೇರುಘಟ್ಟ ರಸ್ತೆಗೆ ಬಸ್ಸಿನಲ್ಲಿ ಹೋಗುವುದೇ ಅರ್ಧ ದಿನದ ಕೆಲಸವಾಗಿತ್ತು. ನಾರಾಯಣ ಹೃದಯಾಲಯಕ್ಕೆ ಹೋಗುವವರು ಅದೇ ಮಾರ್ಗದ ಕೊನೆಗೆ, ಬೊಮ್ಮಸಂದ್ರಕ್ಕೆ ಹೋಗಬೇಕು. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೊ ಮೂರಕ್ಕೂ ಹಸಿರು ಮಾರ್ಗದ ಕೆ.ಆರ್. ಮಾರುಕಟ್ಟೆ ನಿಲ್ದಾಣ ನಡಿಗೆ ದೂರ. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಗೂ ನೇರಳೆಯಲ್ಲಿ ಅದೇ ಹೆಸರಿನ ನಿಲ್ದಾಣ. ನಿಮ್ಹಾನ್ಸ್ ಮತ್ತು ಕಿದ್ವಾಯಿಗೆ ಮಾತ್ರ ಇನ್ನೂ ನೇರ ಮೆಟ್ರೊ ಇಲ್ಲ, ಇದೇ ದೊಡ್ಡ ಕೊರತೆ. ರಾಜ್ಯದ ಮೂಲೆಮೂಲೆಯಿಂದ ಜನ ಬರುವ ಆಸ್ಪತ್ರೆಗಳಿವು. ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯುವುದು ಸದ್ಯದ ದಾರಿ. ರೋಗಿಗೆ ನಡೆಯಲು ಆಗುವುದಿಲ್ಲ ಅಂದರೆ ಮೆಟ್ರೊ ಆಸೆ ಬಿಟ್ಟು ಬಸ್ಸಿಳಿದಲ್ಲಿಂದಲೇ ವಾಹನ ಮಾಡಿ. ಹತ್ತಿ ಇಳಿಯುವ ಮೆಟ್ಟಿಲು, ಬದಲಾವಣೆ, ಮತ್ತೆ ಆಟೊ, ಇಷ್ಟೆಲ್ಲ ಅವರಿಂದಾಗದು.

ಸರ್ಕಾರಿ ಕೆಲಸಕ್ಕೆ ಬಂದವರಿಗೆ ನೇರಳೆ ಮಾರ್ಗ ಹೇಳಿ ಮಾಡಿಸಿದ ಹಾಗಿದೆ. ವಿಧಾನಸೌಧ, ಹೈಕೋರ್ಟ್, ಬಹುಮಹಡಿ ಕಟ್ಟಡ, ಉದ್ಯೋಗಸೌಧ ಎಲ್ಲಕ್ಕೂ ವಿಧಾನಸೌಧ ನಿಲ್ದಾಣ. ಹೊರಬರುವ ಮೊದಲು ಯಾವ ಬಾಗಿಲು ಅಂತ ಫಲಕ ನೋಡಿ. ತಪ್ಪು ಕಡೆ ಹೊರಬಂದರೆ ಅಂಬೇಡ್ಕರ್ ಬೀದಿಯ ವಾಹನಗಳ ನಡುವೆ ರಸ್ತೆ ದಾಟುವ ಬದಲು ಮತ್ತೆ ಕೆಳಗಿಳಿದು ನೆಲದಡಿಯಿಂದಲೇ ಆಚೆಗೆ ಹೋಗುವುದು ಜಾಣತನ. ಮೈಸೂರು ಬ್ಯಾಂಕ್ ವೃತ್ತ, ಸಿವಿಲ್ ಕೋರ್ಟ್ ಕಡೆಗೆ ಸೆಂಟ್ರಲ್ ಕಾಲೇಜು ನಿಲ್ದಾಣ. ಬಟ್ಟೆಬರೆ ಸಗಟು ಖರೀದಿಗೆ ಚಿಕ್ಕಪೇಟೆ ನಿಲ್ದಾಣ, ಆದರೆ ಭಾನುವಾರ ಅಲ್ಲಿ ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ.

ಕೆಲಸ ಬೇಗ ಮುಗಿದು ಎರಡು ಗಂಟೆ ಉಳಿದರೆ ಹಸಿರು ಮಾರ್ಗದಲ್ಲೇ ಇರಿ. ಲಾಲ್‌ಬಾಗ್ ನಿಲ್ದಾಣ ತೋಟದ ಪಶ್ಚಿಮ ಬಾಗಿಲಿಗೆ ಹತ್ತಿರ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಹೋಗುವಾಗಲೇ ವಾಪಸ್ ಟಿಕೆಟನ್ನೂ ತೆಗೆದಿಟ್ಟುಕೊಳ್ಳಿ. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಒಂದು ಕಡೆ ನಡೆದರೆ ಗಾಂಧಿ ಬಜಾರ್, ಇನ್ನೊಂದು ಕಡೆ ವಿ.ವಿ. ಪುರದ ತಿಂಡಿ ಬೀದಿ. ತಿಂಡಿ ಬೀದಿಗೆ ಜೀವ ಬರುವುದು ಸಂಜೆಯ ಮೇಲೆ, ಮಧ್ಯಾಹ್ನ ಹೋದರೆ ಏನೂ ಇರುವುದಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ದೋಸೆ ಹಾಕುತ್ತಿದೆ, ಶುಕ್ರವಾರ ರಜೆ. 1924ರ ಎಂಟಿಆರ್ ಇರುವುದು ಲಾಲ್‌ಬಾಗಿನ ಮುಖ್ಯ ಬಾಗಿಲ ಕಡೆ, ಮೆಟ್ರೊ ನಿಲ್ದಾಣ ಇರುವುದು ಅದರ ಎದುರು ಬದಿಯಲ್ಲಿ. ತೋಟದೊಳಗೆ ಸುತ್ತಾಡುತ್ತಾ ಆಚೆ ಬಾಗಿಲಿಗೆ ಹೋದರೆ ಹಸಿವೂ ಆಗಿರುತ್ತದೆ. ಅಲ್ಲಿ ಸೋಮವಾರ ರಜೆ. ರಾಜಾಜಿನಗರದ ಇಸ್ಕಾನ್‌ಗೆ ಮಹಾಲಕ್ಷ್ಮಿ ನಿಲ್ದಾಣ.

ಮೆಟ್ರೊ ಇಲ್ಲದ ಕಡೆ ಬಿಎಂಟಿಸಿ. ಸಾಮಾನ್ಯ ಬಸ್ಸಿನ ಕನಿಷ್ಠ ದರ 6 ರೂಪಾಯಿ, ದಿನದ ಪಾಸ್ 80. ನಾಲ್ಕೈದು ಬಸ್ ಹತ್ತಿ ಇಳಿಯುವುದಿದ್ದರೆ ಪಾಸ್ ತೆಗೆದುಬಿಡಿ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸುವ ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಉಚಿತ ಅಂತ ಸುಮ್ಮನೆ ಕೂರಬಾರದು, ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು. ಹವಾನಿಯಂತ್ರಿತ ವಜ್ರ, ವಾಯು ವಜ್ರಕ್ಕೆ ಮತ್ತು ಮೆಟ್ರೊಗೆ ಇದು ನಡೆಯುವುದಿಲ್ಲ. ಬಸ್ಸಿನ ನಂಬರ್ ಓದುವಾಗ ಅಂಕಿಯ ಮುಂದಿನ ಅಕ್ಷರವನ್ನೂ ನೋಡಿ. 500ಡಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುತ್ತದೆ. 500 ಅಂತ ಮಾತ್ರ ನೋಡಿ ಬೇರೆ ಅಕ್ಷರದ್ದು ಹತ್ತಿದರೆ ಇನ್ನೆಲ್ಲೋ ಇಳಿಯುತ್ತೀರಿ. ಬನ್ನೇರುಘಟ್ಟ ಮೃಗಾಲಯಕ್ಕೆ ಮೆಜೆಸ್ಟಿಕ್‌ನಿಂದ 365. ವಿಮಾನ ನಿಲ್ದಾಣಕ್ಕೆ ಮೆಜೆಸ್ಟಿಕ್‌ನಿಂದ ಕೆಐಎ-9, ಹಗಲು ರಾತ್ರಿ ಓಡುತ್ತದೆ. ಸಂಜೆ ವಿಮಾನ ಇದ್ದರೆ ರಸ್ತೆಗೇ ಎರಡು ಗಂಟೆ ಇಟ್ಟುಕೊಳ್ಳಿ. ಮೈಸೂರಿನವರು ವಿಮಾನ ಇಳಿದ ಮೇಲೆ ಊರೊಳಗೆ ಬರುವುದೇ ಬೇಡ, ಕೆಎಸ್ಆರ್‌ಟಿಸಿಯ ಫ್ಲೈಬಸ್ ಅಲ್ಲಿಂದಲೇ ನೇರ ಹೊರಡುತ್ತದೆ.

ಆಟೊ ಬಗ್ಗೆ ಮೇಲೆ ದರ ಹೇಳಿದೆ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಅದರ ಒಂದೂವರೆ ಪಟ್ಟು ಕೇಳುವುದು ನಿಯಮದಲ್ಲೇ ಇದೆ. ಬೆಳಗ್ಗೆ 4:30ಕ್ಕೆ ಬಸ್ಸಿಳಿದು 6 ಕಿಲೋಮೀಟರ್ ಹೋದರೆ 108ರ ಜಾಗದಲ್ಲಿ 162 ಆಗುತ್ತದೆ, ಅದು ಮೋಸ ಅಲ್ಲ. 20 ಕಿಲೋವರೆಗಿನ ಸಾಮಾನಿಗೆ ಬೇರೆ ಹಣ ಇಲ್ಲ, ಕಾಯಿಸಿದರೆ ಮೊದಲ 5 ನಿಮಿಷಕ್ಕೂ ಇಲ್ಲ. ಮಳೆ ಬಂದಾಗ ಈ ಲೆಕ್ಕವೆಲ್ಲ ತೊಳೆದುಹೋಗುತ್ತದೆ. ಮೇನಿಂದ ಅಕ್ಟೋಬರ್‌ವರೆಗೆ ಸಂಜೆ ಮಳೆ ಸುರಿದರೆ ಅಂಡರ್‌ಪಾಸ್‌ಗಳಲ್ಲಿ ನೀರು ನಿಲ್ಲುತ್ತದೆ, ಆಟೊ ಸಿಗುವುದಿಲ್ಲ, ಸಿಕ್ಕರೂ ಬಾಯಿಗೆ ಬಂದ ರೇಟು. ಅಂಥ ಹೊತ್ತಿನಲ್ಲಿ ಹತ್ತಿರದ ಮೆಟ್ರೊ ನಿಲ್ದಾಣದವರೆಗೆ ಹೇಗಾದರೂ ತಲುಪಿಕೊಳ್ಳಿ, ಉಳಿದದ್ದು ಸಲೀಸು.

ವಾಪಸ್ ಹೋಗುವಾಗಲೂ ಮೊದಲು ಹೇಳಿದ ಮಾತೇ. ರಾತ್ರಿ 9ಕ್ಕೆ ಮೆಜೆಸ್ಟಿಕ್ ಬಿಡುವ ಬಸ್ಸು ಗೊರಗುಂಟೆಪಾಳ್ಯ ದಾಟಲು ಮುಕ್ಕಾಲು ಗಂಟೆಯೂ ಆಗಬಹುದು. ಜಯನಗರದ ಕಡೆ ಉಳಿದುಕೊಂಡವರು ಮೆಜೆಸ್ಟಿಕ್‌ಗೆ ಬಂದು ಆ ಗದ್ದಲದಲ್ಲಿ ಬಸ್ ಹುಡುಕುವ ಬದಲು ಹಸಿರು ಮಾರ್ಗದಲ್ಲಿ ನೇರವಾಗಿ ಗೊರಗುಂಟೆಪಾಳ್ಯಕ್ಕೆ ಹೋಗಿ ಅಲ್ಲೇ ಹತ್ತಬಹುದು. ಅದಕ್ಕೆ ಟಿಕೆಟ್ ಕಾಯ್ದಿರಿಸುವಾಗಲೇ ಹತ್ತುವ ಜಾಗ ಅಂತ ಇದನ್ನು ಆರಿಸಿರಬೇಕು. ಮೆಜೆಸ್ಟಿಕ್ ಅಂತ ಆರಿಸಿ ದಾರಿಯಲ್ಲಿ ಕೈ ಅಡ್ಡ ಹಾಕಿದರೆ ನಿಲ್ಲಿಸುವ ಖಾತ್ರಿ ಇಲ್ಲ. ಜಾಲಹಳ್ಳಿ ಕ್ರಾಸ್ ಆರಿಸುವುದಿದ್ದರೆ ಬಸ್ಸು ಸೇತುವೆಯ ಕೆಳಗೇ ಬರುತ್ತದೆ ಅನ್ನುವುದನ್ನು ಹೊರಡುವ ದಿನ ಬಸ್ಸಿನವರಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಮತ್ತೆ, ಮೆಟ್ರೊ ಇಳಿದು ಹೊರಬರುವಾಗ ತುಮಕೂರಿನ ಕಡೆ ಹೋಗುವ ವಾಹನಗಳ ಬದಿಯ ಮೆಟ್ಟಿಲನ್ನೇ ಇಳಿಯಿರಿ. ಆಚೆ ಬದಿಗೆ ಇಳಿದು, ನಡುವಿನ ಕಬ್ಬಿಣದ ಬೇಲಿಯ ಆ ಕಡೆ ನಿಮ್ಮ ಬಸ್ಸು ಬಂದು ನಿಂತರೆ ಕೂಗಿದರೂ ಕೇಳುವುದಿಲ್ಲ.